ಲೂಪೆ ಸಾನ್ ಮನೆಯಲ್ಲಿ ನೋಡಿದ ಸಿನಿಮಾ

ಮೊನ್ನೆ ಭಾನುವಾರ ಮಾವಿನಕಾಯಿ ಹೆಚ್ಚಿ, ಉಪ್ಪು ಖಾರದ ಪುಡಿ ಉದುರಿಸಿ ಮಗಳ ಮುಂದಿಟ್ಟೆ. ನಗೋಯಾದಲ್ಲಿ ಹುಳಿ ಮಾವು ಸಿಗುವುದೇ ಅಪರೂಪ. ಅವಳು ಒಂದು ಹೋಳು ಬಾಯಿಗಿಟ್ಟು, "ಕರಾಯ್, ಅಮ್ಮ" ಎಂದು ಜಪಾನಿಯಲ್ಲೇ ಖಾರ ಖಾರವೆನ್ನುತ್ತಾ ನೀರಿಗೆ ಓಡಿದಳು. ನನಗೆ ಮಾತ್ರ ಆ ವಾಸನೆಗೆ ಲೂಪೆ ಸಾನ್, ಅಂದರೆ ನಮ್ಮ ಮಾತಿನಲ್ಲಿ ಲೂಪೆಯವರು, ನೆನಪಾದರು. ನಮ್ಮ ಶಾಲೆಯ ಗೇಟಿನ ಮುಂದೆ ಮಾರುತ್ತಿದ್ದ ಈ ತಿಂಡಿಯನ್ನು ಜಪಾನಿನಲ್ಲಿ ನನಗೆ ಮೊದಲು ತಿನ್ನಿಸಿದವರು ಮೆಕ್ಸಿಕೋದ ಒಬ್ಬ ಹೆಂಗಸು ಎಂದರೆ ನೀವು ನಂಬಲಿಕ್ಕಿಲ್ಲ.

ಆಗ ನಾನು ಮದುವೆಯಾಗಿ ಮೈಸೂರಿನಿಂದ ಬಂದು ಒಂದು ವರ್ಷವಾಗಿತ್ತು. ಗಂಡ ಕಾರು ತಯಾರಿಸುವ ಕಂಪನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಒಳ್ಳೆಯ ಮನುಷ್ಯ, ಮಾತಿನಲ್ಲಿ ಮಾತ್ರ ಜಿಪುಣ. "ಊಟ ಆಯ್ತಾ", "ನಾಳೆ ಪ್ಲಾಸ್ಟಿಕ್ ಕಸ ಹಾಕೋ ದಿನ", ಇಷ್ಟರಲ್ಲಿ ಅವರ ಸಂಸಾರ ಮುಗಿಯುತ್ತಿತ್ತು. ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಬಾರಿಸಿದರೂ ಮೈಕು ಬಿಡದವಳು. ಇಲ್ಲಿ ಇಡೀ ದಿನ ಮಾತಿಗೆ ಸಿಗುತ್ತಿದ್ದವಳು ಕೊಂಬಿನಿ ಅಂಗಡಿಯ ಹುಡುಗಿಯೊಬ್ಬಳೇ. ಅವಳ ಜೊತೆಗೂ ಅರಿಗಾತೋ, ಸುಮಿಮಾಸೆನ್ ಎಂಬ ಥ್ಯಾಂಕ್ಸು, ಸಾರಿ ದಾಟಿ ಮುಂದೆ ಹೋಗುವಷ್ಟು ಜಪಾನಿ ನನಗೆ ಬರುತ್ತಿರಲಿಲ್ಲ.

ಒಂದು ಶುಕ್ರವಾರ ಅವರು ಬಾಗಿಲಲ್ಲಿ ಷೂ ಬಿಚ್ಚುತ್ತಿದ್ದಾಗಲೇ ಹೇಳಿಬಿಟ್ಟೆ. "ನಾನು ಮೈಸೂರಿಗೆ ಹೋಗ್ತೀನಿ. ವಾಪಸ್ ಬರಲ್ಲ."

ಅವರು ಷೂ ಜೋಡಿಸಿಟ್ಟು, "ಸರಿ, ಟಿಕೆಟ್ ನೋಡ್ತೀನಿ" ಎಂದರು. ಜಗಳ ಆಡಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಲೂಪೆ ಸಾನ್ ಬಾಗಿಲು ತಟ್ಟಿದರು. ಜಪಾನಿನವರನ್ನು ಮದುವೆಯಾಗಿ ಬಂದ, ಐವತ್ತು ದಾಟಿದ ಗಟ್ಟಿ ದನಿಯ ಹೆಂಗಸು. "ಸಿನಿಮಾ. ಮದುವೆ ಸಿನಿಮಾ. ಇಬ್ಬರೂ ಬನ್ನಿ" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ನಮ್ಮನೆಯವರು ಹಿಂದೆಯೇ ಬಂದರು. ಉಪ್ಪು ಖಾರದ ಪುಡಿ ಉದುರಿಸಿದ ಮಾವಿನ ಹೋಳುಗಳ ತಟ್ಟೆಯನ್ನು ನಮ್ಮ ಮುಂದಿಟ್ಟು ಲೂಪೆ ಸಾನ್ ಟಿವಿ ಹಾಕಿದರು.

ಊರಿನಲ್ಲಾಗಿದ್ದರೆ ಅಂಥ ಸಿನಿಮಾದಿಂದ ನಾನು ಅರ್ಧಕ್ಕೇ ಎದ್ದು ಬರುತ್ತಿದ್ದೆ. ಚರ್ಚಿನಲ್ಲಿ ಮದುಮಗನ ಪ್ಯಾಂಟು ಜಾರುತ್ತದೆ. ಅತ್ತೆ ಕೇಕಿನ ಮೇಲೆ ಬೀಳುತ್ತಾಳೆ. ಮಂಚದ ಕೆಳಗೆ ಅಡಗಿದ ಮದುಮಗ ಅದೇ ಅತ್ತೆಯ ನೈಟಿ ತೊಟ್ಟು ಹೊರಬರುತ್ತಾನೆ. ಎಲ್ಲವೂ ಸ್ಪ್ಯಾನಿಷ್, ಕೆಳಗೆ ಅನುವಾದದ ಒಂದಕ್ಷರವೂ ಇಲ್ಲ. ಅರ್ಥ ಹೇಳಬೇಕಾದ ಲೂಪೆ ಸಾನ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಯಜಮಾನರು ಕೂತಲ್ಲೇ ನಿದ್ದೆ ಹೋಗಿದ್ದರು.

ನಡುವೆ ಹೆಂಡತಿ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದಳು. ತಲೆಯ ತುಂಬ ಕೋಳಿಪುಕ್ಕ ಮೆತ್ತಿಕೊಂಡ ಗಂಡ ಅಡ್ಡ ನಿಂತು ಏನೋ ಬಡಬಡಿಸಿದ.

"ಏನಂತೆ ಅವನಿಗೆ?" ಎಂದೆ, ಯಾರನ್ನೂ ಉದ್ದೇಶಿಸದೆ.

ಇವರು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ಹೋಗ್ಬೇಡ ಅನ್ನೋಕೆ ನಂಗೆ ಧೈರ್ಯ ಇಲ್ಲ. ಅಂದ್ರೆ ನಿನ್ನನ್ನ ಕಟ್ಟಿಹಾಕಿದ ಹಾಗಾಗುತ್ತೆ. ಹಾಗಂತಿದಾನೆ."

ಅವರಿಗೆ ಬರುತ್ತಿದ್ದ ಸ್ಪ್ಯಾನಿಷ್ ನನಗೆ ಬರುತ್ತಿದ್ದಷ್ಟೇ, ಅಂದರೆ ಸೊನ್ನೆ. ತೆರೆಯ ಮೇಲೆ ಅವಳು ತಿರುಗಿ ಕೂಗಾಡಿದಳು. ಅವಳ ಪರವಾಗಿ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವನ ಪರವಾಗಿ ಇವರು. ಹೀಗೇ ಸಾಗಿತು. ಲೂಪೆ ಸಾನ್ ನಮ್ಮಿಬ್ಬರ ಮುಖ ನೋಡಿದವರು ಸದ್ದಿಲ್ಲದೆ ಟಿವಿಯ ದನಿ ತಗ್ಗಿಸಿದರು. ಕೊನೆಗೆ ಆ ಗಂಡ ಹಿಂದೆ ಸರಿಯುತ್ತಾ ಕಳ್ಳಿ ಗಿಡದ ಮೇಲೆ ಕೂತಾಗ ಇವರು ನಕ್ಕರು. ಮದುವೆಯಾದ ಮೇಲೆ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ, "ಟಿಕೆಟ್ ನೋಡಿದ್ರಾ?" ಎಂದು ಕೇಳಿದೆ.

"ಇಲ್ಲ."

"ನೋಡ್ಬೇಡಿ."

ಲೂಪೆ ಸಾನ್ ಮರುವರ್ಷ ಮನೆ ಬದಲಿಸಿ ಕಾವಾಸಾಕಿ ಎಂಬ ಊರಿಗೆ ಹೋದರು, ಸಂಪರ್ಕ ತಪ್ಪಿತು. ಸಿನಿಮಾದ ಹೆಸರನ್ನೂ ನಾನು ಕೇಳಿಟ್ಟುಕೊಳ್ಳಲಿಲ್ಲ.

ಮೊನ್ನೆ ಇದೆಲ್ಲ ನೆನಪಾಗಿ, ಊಟಕ್ಕೆ ಕೂತಾಗ ಕೇಳಿದೆ. "ಅವತ್ತು ನೀವು ಹೇಳಿದ ಡೈಲಾಗ್ ನೆನಪಿದ್ಯಾ?"

"ನಂದು ಮರೆತೋಗಿದೆ. ನಿಂದು ನೆನಪಿದೆ."

"ನಾನೇನಂದೆ?"

"'ಬಂದು ಒಂದು ವರ್ಷ ಆಯ್ತು, ಒಂದಿನಾನೂ ನನ್ನ ಹೆಸರು ಹಿಡಿದು ಕರೆದಿಲ್ಲ ನೀವು' ಅಂದೆ."

ಅಂದದ್ದು ನನಗೆ ಖಂಡಿತ ನೆನಪಿರಲಿಲ್ಲ. ಆದರೆ ಇವರಿಗೊಂದು ಚಾಳಿಯಿದೆ. ಆಫೀಸಿನಿಂದ ಬಂದೊಡನೆ ಬಾಗಿಲಲ್ಲೇ ನನ್ನ ಹೆಸರು ಕೂಗುತ್ತಾರೆ. ಸ್ನಾನದ ಮನೆಯಿಂದ ಕೂಗುತ್ತಾರೆ. ಓಡಿಹೋಗಿ ಕೇಳಿದರೆ, "ಏನಿಲ್ಲ." ಸುಮ್ಮನೆ ಯಾಕೆ ಕೂಗ್ತೀರಿ ಎಂದು ಎಷ್ಟು ವರ್ಷ ರೇಗಿದ್ದೇನೋ. ಮಗಳಂತೂ ಅಪ್ಪನ ದನಿಯಲ್ಲೇ ನನ್ನ ಹೆಸರು ಕೂಗಿ ಅಣಕಿಸುತ್ತಾಳೆ.

ಊಟವಾದ ಮೇಲೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಮತ್ತೆ ಕೂಗಿದರು. ಪಾತ್ರೆ ಅಲ್ಲೇ ಬಿಟ್ಟು ಹೋದೆ.

"ಏನಿಲ್ಲ" ಎಂದರು.

ನಾನು ರೇಗಲಿಲ್ಲ. ಅವರ ಕೈಯಲ್ಲಿದ್ದ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡೆ.