ರೌಟರಿನ ಮೇಲಿನ ಭಂಡಾರ

ಮುಗಳಖೋಡದ ಸುತ್ತ ಮನೆಮನೆಗೆ ವೈಫೈ ಹಾಕುವ ಹಾಲೇಶನಿಗೆ ಒಂದು ನೇಮವಿತ್ತು. ನೆಟ್ ನಿಧಾನವೆಂದು ಯಾರೇ ಕರೆಯಲಿ, ಮೊದಲು ರೌಟರಿಗೆ ಕೈ ಹಚ್ಚುತ್ತಿರಲಿಲ್ಲ. ಹೊರಗಿನಿಂದ ಬರುವ ವೈರು ಮೊದಲು, ಆಮೇಲೆ ರೌಟರ್, ಕಡೆಗೆ ಮೊಬೈಲ್ ಹಿಡಿದು ಒಂದೊಂದೇ ಕೋಣೆ. ಅವಸರ ಮಾಡಿದವರಿಗೆ, "ನೋಡಲಾರದ ಯಾವದರ ಮ್ಯಾಲೂ ತಪ್ಪ ಹೊರಸಬ್ಯಾಡ್ರಿ," ಎನ್ನುತ್ತಿದ್ದ. ದೊಡ್ಡ ಜಾಣ. ತನ್ನ ಮನೆಯಲ್ಲಿ ಮಾತ್ರ ಅದನ್ನು ಮರೆತ.

ಹೆಂಡತಿ ಶೀತಲ್ ನಿಪ್ಪಾಣಿ ಕಡೆಯವಳು; ಗಂಡನನ್ನು ಮರಾಠಿ ರೂಢಿಯಂತೆ ‘ಅಹೋ’ ಎಂದೇ ಕರೆಯುತ್ತಿದ್ದಳು. ಹೊಸ ರೌಟರುಗಳನ್ನು ಹಾಲೇಶ ಮನೆಯಲ್ಲೇ ಪರೀಕ್ಷಿಸುವಾಗ ಅವಳು ಮೊಬೈಲ್ ಹಿಡಿದು ಒಳಕೋಣೆ, ಅಡುಗೆಮನೆ, ಹಿತ್ತಿಲೆಂದು ತಿರುಗಿ, "ಅಹೋ, ನಲವತ್ತ... ಅಹೋ, ಇಪ್ಪತ್ತೆಂಟ," ಎಂದು ನೆಟ್ಟಿನ ವೇಗದ ಅಂಕಿ ಕೂಗುತ್ತಿದ್ದಳು. ಅನ್ನ ಹಾಕುವ ವಸ್ತುವೆಂದು ದಸರೆಯ ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಸ್ಕ್ರೂಡ್ರೈವರಿನ ಜೊತೆ ಮನೆಯ ರೌಟರಿಗೂ ದೇವರ ಭಂಡಾರ ಹಚ್ಚಿದಳು. ಒಂದಿಷ್ಟು ಅರಿಸಿನದ ಪುಡಿ ಮೇಲೆ ಉದುರಿತ್ತು. ಅದೇ ವಾರ ನೆಟ್ ಕುಂಟತೊಡಗಿತು.

"ನಿನ್ನ ಭಂಡಾರ ಒಳಗ ಹೋಗಿ ಮಷೀನ ಹಾಳಾತು. ಇಷ್ಟ ವರ್ಷ ನನ್ನ ಜೋಡಿ ಇದ್ದು ಇದ ಕಲತಿಯೇನ?" ಎಂದು ಓಣಿಯವರ ಎದುರೇ ಬೈದ. ಶೀತಲ್ ಸೆರಗಿನಿಂದ ರೌಟರನ್ನು ಒರೆಸಿದಳು. ಅಂದಿನಿಂದ ಅದರ ಹತ್ತಿರವೂ ಸುಳಿಯಲಿಲ್ಲ, ಅಂಕಿಯನ್ನೂ ಕೂಗಲಿಲ್ಲ. ಊರವರ ಕೆಲಸದಲ್ಲಿ ಹಾಲೇಶನಿಗೆ ಮನೆಯ ರೌಟರ್ ಬಿಚ್ಚಿ ನೋಡಲು ಬಿಡುವಾಗಲಿಲ್ಲ. ಮಾಘದಲ್ಲಿ ಕಾಮಾಲೆ ಬಂದು ಹನ್ನೊಂದು ದಿನದಲ್ಲಿ ಹೋಗಿಬಿಟ್ಟಳು.

ಆಮೇಲೂ ಆರು ತಿಂಗಳು ಹಾಲೇಶ ರೌಟರನ್ನು ಮುಟ್ಟಲಿಲ್ಲ. ಬಿಚ್ಚಿದರೆ ಸತ್ತವಳ ತಪ್ಪು ಕಣ್ಣಿಗೆ ಬೀಳುತ್ತದೆಂಬ ಸಂಕಟ. ಕೊನೆಗೆ ಮಗಳು ಕೋಮಲ, "ಅಪ್ಪಾ, ಪಾಠದ ವಿಡಿಯೋ ನಿಂತ ನಿಂತ ಬರತೈತಿ. ಪರೀಕ್ಷಾ ಹತ್ರ ಬಂತು," ಎಂದಾಗ ಸ್ಕ್ರೂ ಬಿಚ್ಚಿದ. ಅವನ ತಾಯಿ ಭೀಮಾಬಾಯಿ ಬ್ಯಾಟರಿಯ ಬೆಳಕು ಹಿಡಿದಳು.

ಒಳಗೆ ಒಂದು ಚೂರೂ ಹಳದಿ ಇರಲಿಲ್ಲ.

ಆಗ ತನ್ನ ನೇಮ ನೆನಪಾಯಿತು. ಹೊರಗಿನ ವೈರನ್ನು ಪರೀಕ್ಷಿಸಿದ; ಅದರಲ್ಲೇ ದಮ್ಮಿಲ್ಲ. ಅದರ ಗುಂಟ ಹೋದರೆ ಕಿಟಕಿಯ ಮೂಲೆಯಲ್ಲಿ ಮಡಚಿಕೊಂಡಿತ್ತು. ದಸರೆಗೆ ಸುಣ್ಣ ಹಚ್ಚುವಾಗ ಅಡ್ಡ ಬಂತೆಂದು ಅಲ್ಲಿ ಒತ್ತಿ ಮೊಳೆ ಹೊಡೆದವನು ಅವನೇ.

ಮಡಚಿದ್ದನ್ನು ಕತ್ತರಿಸಿ ಹೊಸದಾಗಿ ಜೋಡಿಸಿದ. ಒಳಕೋಣೆಯಿಂದ ಕೋಮಲ ಕೂಗಿದಳು: "ಅಪ್ಪಾ, ತೊಂಬತ್ತಾರ." ದನಿ ಥೇಟ್ ತಾಯಿಯದೇ.

"ಏನಾಗಿತ್ತಪಾ?" ಭೀಮಾಬಾಯಿ ಕೇಳಿದಳು.

"ತಪ್ಪ ನಂದ ಇತ್ತಬೇ ಯವ್ವಾ. ಆಕೀದ ಏನೂ ಇರಲಿಲ್ಲ."

ಮುದುಕಿ ದೇವರ ಜಗಲಿಯಿಂದ ಭಂಡಾರದ ಬಟ್ಟಲು ತಂದು ಮಗನ ಮುಂದಿಟ್ಟಳು. ಹಾಲೇಶ ಒಂದು ಚಿಟಿಕೆ ತೆಗೆದು ರೌಟರಿಗೆ ಹಚ್ಚಿದ. ಬೈಯುವಾಗ ಓಣಿಯೆಲ್ಲ ಎದುರಿಗಿತ್ತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಕೇಳಬೇಕಾದ ಅವಳೇ ಇರಲಿಲ್ಲ. ಅರಿಸಿನದ ಬೆರಳನ್ನು ಒರೆಸಿಕೊಳ್ಳದೆ ಅಲ್ಲೇ ಕುಳಿತು ಅತ್ತ.