ಇರ್ಮಾ ಗೋಪುರ ಹತ್ತಿದ್ದು

ಇಟಲಿಯ ಫೆರಾರಾದ ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಹೆದರದವರಿದ್ದರು, ಆಯಾ ಇರ್ಮಾಳಿಗೆ ಹೆದರದವರು ಇರಲಿಲ್ಲ. ಗಂಟೆ ಹೊಡೆಯುವವಳು ಅವಳು, ವರಾಂಡ ಒರೆಸುವವಳು ಅವಳು, ಒದ್ದೆ ನೆಲದ ಮೇಲೆ ಕಾಲಿಟ್ಟವನ ವಂಶವನ್ನೇ ಜಾಲಾಡುವವಳೂ ಅವಳೇ. ಲ್ಯಾಟಿನ್ ಕಲಿಸುವ ನನಗೆ ಸತ್ತವರ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು.

ಇಂಥವಳು ಐವತ್ತು ದಾಟಿದ ಮೇಲೆ ಬೊಲೊನ್ಯಾ ವಿಶ್ವವಿದ್ಯಾಲಯಕ್ಕೆ ಮತ್ತೆ ಸೇರಿದಳು. ಹರೆಯದಲ್ಲಿ ಅರ್ಧಕ್ಕೆ ಬಿಟ್ಟ ಚರಿತ್ರೆಯ ಪದವಿ ಅದು. ಪರೀಕ್ಷೆಗಳೆಲ್ಲ ಮುಗಿದು, ಹಳೆಯ ರೇಷ್ಮೆ ಗಿರಣಿಗಳ ಹೆಂಗಸರ ಬಗ್ಗೆ ಬರೆದ ಪ್ರಬಂಧವೊಂದು ಒಪ್ಪಿಗೆಯಾಗುವುದು ಬಾಕಿಯಿತ್ತು. ಆ ಪದವಿಗಾಗಿ ಜೀವ ಬಿಡುತ್ತಿದ್ದಳು.

ಅಷ್ಟರಲ್ಲಿ ಶಾಲೆಯ ಪ್ರವಾಸ ಬಂತು. ಬರಬೇಕಿದ್ದ ಗಣಿತದ ಮೇಡಂ ಸೊಂಟ ಹಿಡಿದುಕೊಂಡು ಮಲಗಿದ್ದರಿಂದ ನನ್ನ ಜೊತೆ ಇರ್ಮಾ ಹೊರಟಳು. ರವೆನ್ನಾದ ಇಗರ್ಜಿಯಲ್ಲಿ ಚಿನ್ನದ ಹರಳು ಕೂರಿಸಿದ ಗೋಡೆ ನೋಡಿ, "ಇದನ್ನ ಒರೆಸೋರು ಯಾರು?" ಎಂದಳು. ಮಾಂತೊವಾದ ಅರಮನೆಯಲ್ಲಿ, "ಇಷ್ಟೊಂದು ಕೋಣೆ, ಒಂದು ಕಕ್ಕಸು ಕಾಣೆ" ಎಂದು ಸತ್ತುಹೋದ ಡ್ಯೂಕನಿಗೆ ಮಂಗಳಾರತಿ ಎತ್ತಿದಳು. ನಾನು ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ಹೊಳೆಯಲ್ಲಿ ಹೋಯಿತು, ಹುಡುಗರಿಗೆ ಇದೊಂದೇ ನೆನಪುಳಿಯಿತು.

ಕೊನೆಗೆ ಬೊಲೊನ್ಯಾ. ಆಸಿನೆಲ್ಲಿ ಎಂಬ ಅಲ್ಲಿನ ಹಳೆಯ ಎತ್ತರದ ಗೋಪುರವನ್ನು ಜನರಿಗೆ ಇನ್ನೂ ಮುಚ್ಚಿರದ ಕಾಲ. ಅಲ್ಲಿ ಓದುವವರು ಪದವಿಗೆ ಮುಂಚೆ ಆ ಗೋಪುರ ಹತ್ತಿದರೆ ಪದವಿ ಕೈತಪ್ಪುತ್ತದೆಂದು ನಮ್ಮ ಕಡೆ ಬಲವಾದ ನಂಬಿಕೆ. ಹರೆಯದಲ್ಲಿ ಇರ್ಮಾಳ ಗೆಳತಿಯರು ಮೊಂಡುತನಕ್ಕೆ ಹತ್ತಿದ್ದರು, ಇವಳು ಕೆಳಗೆ ಅವರ ಕೋಟು ಹಿಡಿದು ನಿಂತಿದ್ದಳು. ಹತ್ತಿದವರಲ್ಲಿ ಒಬ್ಬಳು ಡಾಕ್ಟರು, ಒಬ್ಬಳು ವಕೀಲೆ. ಕೋಟು ಹಿಡಿದವಳು ಪೊರಕೆ ಹಿಡಿದಳು. ನಾನು ಇದನ್ನು ಎತ್ತಿ ಆಡಿದರೆ, "ಹತ್ತಿದ್ರೆ ಇದಕ್ಕಿಂತ ಕೆಟ್ಟದಾಗ್ತಿತ್ತು ಮೇಷ್ಟ್ರೇ" ಎಂದಳು.

ಹಾಗಾಗಿ ಹುಡುಗರನ್ನು ನಾನೇ ಹತ್ತಿಸಿದೆ. ಎಲ್ಲರೂ ಇಳಿದರು, ಲುಚಿಲ್ಲಾ ಎಂಬ ಹುಡುಗಿ ಮಾತ್ರ ತುದಿಯಲ್ಲಿ ಕಂಬಿ ಹಿಡಿದು ಕೂತುಬಿಟ್ಟಳು. ಆ ಕಡಿದಾದ ಮರದ ಮೆಟ್ಟಿಲು ನೋಡಿ ಹೆದರಿದ್ದಳು. ನಾನು ಗದರಿಸಿದೆ, ಗೋಗರೆದೆ. "ಇರ್ಮಾ ಬಂದ್ರೆ ಇಳೀತೀನಿ" ಎಂದು ಒಂದೇ ಹಟ. ಫೋನು ಮಾಡಿದೆ.

"ಅಲ್ಲೇ ಇರ್ಲಿ ಬಿಡಿ, ಹಸಿವಾದ್ರೆ ತಾನೇ ಇಳೀತಾಳೆ."

"ಬಿಕ್ಕಿ ಬಿಕ್ಕಿ ಅಳ್ತಿದಾಳೆ ಇರ್ಮಾ."

ಇರ್ಮಾ ಫೋನಿಟ್ಟಳು. ಆಮೇಲೆ ಹುಡುಗರನ್ನು ಐಸ್‌ಕ್ರೀಮ್ ಅಂಗಡಿಯವನಿಗೆ ಒಪ್ಪಿಸಿ, ಗೋಪುರ ಕಟ್ಟಿದವನ ಅಪ್ಪ, ಅಜ್ಜ, ಮುತ್ತಜ್ಜನನ್ನೆಲ್ಲ ಬೈಯುತ್ತ ಮೇಲೆ ಬಂದಳು. ಕೊನೆಯ ಮೆಟ್ಟಿಲ ಕೆಳಗೆ ನಿಂತು, ಇಲ್ಲಿವರೆಗೆ ಬಂದರೆ ಹತ್ತಿದ ಹಾಗಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು ಕೈ ಚಾಚಿದಳು. ಹುಡುಗಿ ಅಲುಗಲಿಲ್ಲ. ಇರ್ಮಾ ಕಣ್ಣು ಮುಚ್ಚಿ ಮೇಲೆ ಕಾಲಿಟ್ಟಳು.

"ನನ್ನಿಂದ ನಿಮ್ಮ ಪದವಿ ಹೋಯ್ತು" ಎಂದು ಲುಚಿಲ್ಲಾ ಇನ್ನೂ ಅತ್ತಳು.

"ಹೋದ್ರೆ ಹೋಗ್ಲಿ, ಇನ್ನೊಂದ್ಸಲ ಕೂರ್ತೀನಿ. ನಿನ್ನನ್ನ ಇಲ್ಲೇ ಬಿಟ್ರೆ ನಿಮ್ಮಮ್ಮನಿಗೆ ಯಾರೇ ಉತ್ತರ ಕೊಡೋರು? ಏಳೇ."

ಇಳಿಸಿಕೊಂಡು ಬಂದಳು. ತಿಂಗಳು ಕಳೆಯುವುದರೊಳಗೆ ಪ್ರೊಫೆಸರು ಪ್ರಬಂಧವನ್ನು ವಾಪಸು ಮಾಡಿದರು. ಶಾಲೆಯಲ್ಲಿ ಎಲ್ಲರದೂ ಒಂದೇ ಮಾತು, ಗೋಪುರ. ಲುಚಿಲ್ಲಾ ಅಳುತ್ತ ಬಂದಾಗ ಇರ್ಮಾ ಪೊರಕೆ ಗೋಡೆಗೊರಗಿಸಿದಳು.

"ಮೂರನೇ ಅಧ್ಯಾಯ ಗೋಪುರ ಬರೀಲಿಲ್ಲ ಕಣೇ, ನಾನು ಬರ್ದೆ. ಹತ್ತೋಕೆ ಮುಂಚೇನೇ ಅದು ಹಳಸಿತ್ತು. ಹರೇದಲ್ಲೂ ಅಷ್ಟೇ. ಪ್ರೊಫೆಸರ ಮುಂದೆ ಕೂತು ಬಾಯಿ ಬಿಟ್ಟು ಉತ್ತರ ಹೇಳ್ಬೇಕಲ್ಲ, ಅದಕ್ಕೆ ಹೆದರಿ ಓಡಿಬಂದೆ. ಅಪ್ಪನಿಗೆ ಹುಷಾರಿಲ್ದೆ ಓದು ಬಿಟ್ಟೆ ಅಂತ ಎಲ್ಲರಿಗೂ ಸುಳ್ಳು ಹೇಳಿದೀನಿ."

ನಾನು ಅಲ್ಲೇ ಇದ್ದೆ. ಇಡೀ ಶಾಲೆಯನ್ನು ನಡುಗಿಸುವ ಹೆಂಗಸು ಹೀಗೆನ್ನುವುದನ್ನು ಕೇಳಿ ಅವಳ ಮೇಲೆ ಪ್ರೀತಿ ಉಕ್ಕಿತು.

ಮೂರನೇ ಅಧ್ಯಾಯ ತಿದ್ದಿ ಬರೆದಳು. ವಸಂತದಲ್ಲಿ, ಪ್ರಬಂಧದ ಬಗ್ಗೆ ಪ್ರೊಫೆಸರರ ಎದುರು ಬಾಯಲ್ಲಿ ಉತ್ತರ ಹೇಳಬೇಕಾದ ದಿನ, ನಾನೂ ಲುಚಿಲ್ಲಾಳೂ ಜೊತೆಗೆ ಹೋದೆವು. ಒಳಗಿಂದ ಹೆಸರು ಕೂಗಿದರು. ಇರ್ಮಾ ಬಾಗಿಲಲ್ಲಿ ಮರಗಟ್ಟಿ ನಿಂತಳು.

"ಬೇಡ, ಮನೆಗೆ ಹೋಗೋಣ" ಎಂದು ತಿರುಗಿದಳು.

ಲುಚಿಲ್ಲಾ ಮರುಮಾತಾಡದೆ ಎರಡೂ ಕೈಯಿಂದ ಅವಳನ್ನು ಒಳಕ್ಕೆ ನೂಕಿದಳು. ಇರ್ಮಾ ಮುಗ್ಗರಿಸಿ, ಐದು ಜನ ಪ್ರೊಫೆಸರರ ಎದುರು ಕಿವಿ ಮುಚ್ಚಿಕೊಳ್ಳುವಂಥ ಬೈಗುಳವೊಂದನ್ನು ಬೈದಳು. ಬೈದ ಮೇಲೆ ಅವಳ ಬಾಯಿ ಬಿಟ್ಟಿತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಮುಗಿಸುವವರೆಗೆ ಮುಚ್ಚಲಿಲ್ಲ. ಪದವಿ ಕೊಟ್ಟು ಕಳಿಸಿದರು.