ತೂಕದ ಕೋಣೆ ತೆಗೆದದ್ದು

ನಮ್ಮತ್ತೆ ಹಾಲು ತಂದವನ ಮುಖ ನೋಡುವುದಿಲ್ಲ, ಹೆಬ್ಬೆರಳು ನೋಡುತ್ತಾಳೆ. ಅಳತೆಯ ಪಾತ್ರೆಯೊಳಗೆ ಅದು ಮುಳುಗಿತ್ತೋ ಇಲ್ಲವೋ ಅನ್ನುವುದೇ ಅವಳಿಗೆ ಮುಖ್ಯ. ನಾನು ಬಟ್ಟೆ ಹೊಲಿದು ಬದುಕುವವನು, ಅವಳ ಸ್ವಂತ ಅಣ್ಣನ ಮಗ. ಅವಳ ಕಿಟಕಿಗೆ ಪರದೆ ಹೊಲಿದು ಕೊಟ್ಟಾಗ ‘ಉಳಿದ ತುಂಡು ಎಲ್ಲಿ?’ ಎಂದು ಕೇಳಿದಳು. ತುಂಡು ಉಳಿದಿರಲಿಲ್ಲ. ಅವಳು ಈಗಲೂ ನಂಬಿಲ್ಲ.

ಊರಿನವರು ಅವಳನ್ನು ಬೀಗದತ್ತೆ ಎನ್ನುತ್ತಾರೆ. ನಲ್ಲಿಗೆ ನೀರು ತರಲು ಹೊರಟರೂ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಜಗ್ಗುತ್ತಾಳೆ. ಒಳಗೆ ಕದಿಯುವಂಥದ್ದು ಒಂದು ಮಂಚ, ಒಂದು ಸ್ಟವ್ವು, ಮಾವನ ಕೋಟು, ಅಷ್ಟೆ.

ಆ ಬಾಗಿಲು ತೂಕದ ಕೋಣೆಯದು. ನಮ್ಮೂರ ಪಕ್ಕದಲ್ಲಿ ನದಿ ಎರಡು ಮೆಟ್ಟಿಲಾಗಿ ಧುಮುಕುತ್ತದೆ. ಆ ನೀರಿನ ಬಲದಲ್ಲಿ ಹಿಂದೆ ಅಲ್ಲೊಂದು ಹತ್ತಿ ಗಿರಣಿ ನಡೆಯುತ್ತಿತ್ತು. ಗೇಟಿನ ಒಳಗೆ, ಕೆಳಗಿನ ಜಲಪಾತದ ಎದುರಿಗೆ, ಹತ್ತಿಯ ಮೂಟೆ ತೂಗುವ ಕೋಣೆ. ತೂಗುವವನು ನಮ್ಮ ಮಾವ. ಕೋಣೆಯ ಹಿಂಭಾಗದಲ್ಲೇ ಸಂಸಾರ. ಅತ್ತೆ ಮದುವೆಯಾಗಿ ಬಂದದ್ದು ಅಲ್ಲಿಗೆ. ಹಗಲು ಗಿರಣಿಯೊಳಗೆ ಕಡಿದ ನೂಲು ಜೋಡಿಸುವ ಕೆಲಸ, ಸಂಜೆ ಗಂಡನಿಂದ ಪಾಠ: ತಕ್ಕಡಿಯ ಮುಳ್ಳು ನೋಡಬೇಡ, ಎದುರಿಗಿರುವವನ ಕೈ ನೋಡು. ಆ ಪಾಠ ಅವಳಿಗೆ ಹತ್ತಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹತ್ತಿತು.

ಮಾವ ಹತ್ತಿಯ ದೂಳಿನ ಕೆಮ್ಮಿನಲ್ಲೇ ಹೋದ. ಅವನ ಹಿಂದೆಯೇ ಗಿರಣಿಯೂ ಹೋಯಿತು. ಅದು ಹೋದ ಬಗೆಯನ್ನು ಅತ್ತೆ ಮರೆತಿಲ್ಲ. ಮೊದಲು ಇಬ್ಬರು ಗಂಡಸರು ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಂದರಂತೆ. ಏನಪ್ಪಾ ಎಂದು ಕೇಳಿದವರಿಗೆ ‘ಸುಮ್ನೆ ಫೋಟೋಗೆ’ ಎಂದರಂತೆ. ಮಗ್ಗದ ಫೋಟೋ, ಬಾಯ್ಲರಿನ ಫೋಟೋ, ಚಿಮಣಿಯ ಫೋಟೋ. ಆಮೇಲೆ ಲಾರಿಗಳು ಬಂದವು. ಮಗ್ಗಗಳನ್ನು ಬಿಚ್ಚಿ ಹೊತ್ತೊಯ್ದವು. ಗೋಡೆ, ಚಿಮಣಿ, ತುಕ್ಕು ಹಿಡಿದ ಹಲ್ಲುಚಕ್ರಗಳು ಮಾತ್ರ ಉಳಿದವು.

ಬಹಳ ಕಾಲದ ಮೇಲೆ ಸರ್ಕಾರಿ ಆಫೀಸಿನವರು ಆ ಹಾಳುಬಿದ್ದ ಜಾಗಕ್ಕೆ ಬೇಲಿ ಹಾಕಿ, ಬೆಂಚುಗಳನ್ನಿಟ್ಟು, ನದಿ ಉದ್ಯಾನ ಎಂದು ಬೋರ್ಡು ತೂಗುಹಾಕಿದರು. ಗೇಟು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಬೀಗದ ವಿಷಯದಲ್ಲಿ ನಮ್ಮತ್ತೆಗಿಂತ ಯೋಗ್ಯರು ಎಲ್ಲಿ ಸಿಗಬೇಕು? ಕೀಲಿ ಅವಳ ಕೈಗೆ ಬಂತು, ಕೋಣೆ ಅವಳಿಗೇ ಉಳಿಯಿತು. ಇರುವಷ್ಟು ದಿನ ಇರಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಬಾಯಿಮಾತು ಎಂದೇ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಇಂಥವಳ ಕಣ್ಣೆದುರಿಗೆ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಂದಳು.

ಅತ್ತೆ ನನ್ನ ಅಂಗಡಿಗೇ ಬಂದು ವರದಿ ಒಪ್ಪಿಸಿದಳು. ‘ಫೋಟೋ ಅಂತಾಳೆ. ಫೋಟೋ ಅಂದ್ರೆ ಟಕ್ ಅಂತ ಮುಗೀಬೇಕು ತಾನೆ? ಇವಳು ಕ್ಯಾಮೆರಾ ಮುಂದೆ ಕಪ್ಪು ಗಾಜು ಇಟ್ಕೊಂಡು ನಿಂತೇ ಇರ್ತಾಳೆ. ಕಪ್ಪು ಗಾಜಲ್ಲಿ ಏನು ಕಾಣತ್ತೆ ಹೇಳು.’

‘ಅದೇನೋ ಹೊಸ ವಿಧಾನ ಇರ್ಬೇಕು, ಅತ್ತೆ.’

‘ಹೊಸದಲ್ಲ, ಹಳೇದೇ. ಅಳೀತಿದಾಳೆ.’

ನಾನು ನಕ್ಕು ಸೂಜಿಗೆ ದಾರ ಪೋಣಿಸಿದೆ. ಅವಳು ನಗಲಿಲ್ಲ. ‘ಮೂರುಕಾಲಿನವಳು’ ಎಂದು ಆ ಹುಡುಗಿಗೆ ಹೆಸರಿಟ್ಟು ಹೋದಳು. ಅಲ್ಲಿಂದ ಮುಂದೆ ಹುಡುಗಿ ಮೇಲಿನ ಜಲಪಾತಕ್ಕೆ ಹೋದರೆ ಅತ್ತೆ ಪೊರಕೆ ಹಿಡಿದು ಅಲ್ಲಿ, ಬಾಯ್ಲರ್ ಗೋಡೆಯ ಹತ್ತಿರ ಹೋದರೆ ಇವಳು ಅಲ್ಲಿ. ಆ ವಾರ ಉದ್ಯಾನ ಗುಡಿಸಿದಷ್ಟು ಸ್ವಚ್ಛವಾಗಿ ಹಿಂದೆಂದೂ ಗುಡಿಸಿರಲಿಲ್ಲ.

ಕೊನೆಗೊಂದು ಸಂಜೆ ಅತ್ತೆ ಏದುಸಿರು ಬಿಡುತ್ತ ಬಂದಳು. ಹುಡುಗಿ ಫೋನಿನಲ್ಲಿ ಆಡಿದ್ದನ್ನು ಗೋಡೆಯ ಮರೆಯಿಂದ ತನ್ನ ಕಿವಿಯಾರೆ ಕೇಳಿದ್ದಳು. ಒಂದಕ್ಷರ ಬಿಡದೆ ನನಗೆ ಒಪ್ಪಿಸಿದಳು: ‘ಚಿಮಣಿ ತೆಗ್ದಾಯ್ತು. ಬಾಯ್ಲರ್ ಗೋಡೆನೂ ತೆಗ್ದಾಯ್ತು. ನಾಳೆ ಬೆಳಿಗ್ಗೆ ತೂಕದ ಕೋಣೆ ತೆಗೀತೀನಿ. ಆಯಮ್ಮನ್ನ ಹೇಗಾದ್ರೂ ಆಚೆ ಕಳಿಸ್ಬೇಕು, ಅಷ್ಟೆ.’

‘ಚಿಮಣಿ ಅಲ್ಲೇ ಇದ್ಯಲ್ಲ, ಅತ್ತೆ.’

‘ಕಾಗದದಲ್ಲಿ ತೆಗ್ದಾಗಿದೆ. ಇಟ್ಟಿಗೆ ಆಮೇಲೆ ತೆಗೀತಾರೆ.’

ನಗಬೇಕಾಗಿತ್ತು. ಆದರೆ ಆ ಮಾತು ಕೇಳಿ ನಾನೂ ಹೊಲಿಗೆ ನಿಲ್ಲಿಸಿದೆ. ಆ ಕೋಣೆ ಹೋದರೆ ಅವಳಿಗೆ ಹೋಗಲು ನನ್ನ ಮನೆ ಇತ್ತು. ಆದರೆ ಬೇರೆಯವರ ಬಾಗಿಲಿನ ಹಿಂದೆ, ಬೇರೆಯವರ ಬೀಗದೊಳಗೆ ಬಾಳುವ ಹೆಂಗಸಲ್ಲ ಅವಳು.

ಮರುದಿನ ಬೆಳಿಗ್ಗೆ ನಾನು ಅಂಗಡಿ ತೆರೆಯದೆ ಅಲ್ಲಿಗೆ ಹೋದೆ. ಹುಡುಗಿ ಸ್ಟ್ಯಾಂಡು ನಿಲ್ಲಿಸಿ ಕಾಯುತ್ತಿದ್ದಳು. ಅತ್ತೆ ತೂಕದ ಕೋಣೆಯ ಹೊಸಿಲಿನ ಮೇಲೆ, ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

‘ಅಮ್ಮ, ಸ್ವಲ್ಪ ಆಚೆ ಬರ್ತೀರಾ? ತೆಗ್ದುಬಿಡ್ತೀನಿ,’ ಎಂದಳು ಹುಡುಗಿ.

‘ಬರಲ್ಲ.’

‘ನೀವು ಇರೋ ಹಾಗೇ ತೆಗೀಲಾ?’

‘ತಾಕತ್ತಿದ್ರೆ ತೆಗಿ.’

ಹುಡುಗಿ ನನ್ನ ಮುಖ ನೋಡಿದಳು. ನಾನೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಅವಳು ಭುಜ ಕುಣಿಸಿ, ಕಪ್ಪು ಗಾಜು ಸಿಕ್ಕಿಸಿ, ಗುಂಡಿ ಒತ್ತಿದಳು. ಅತ್ತೆ ಕಣ್ಣು ಕೂಡ ಮಿಟುಕಿಸಲಿಲ್ಲ. ಮುಂದೆ ಜನ ಓಡಾಡಿದರು, ಪಕ್ಕದಲ್ಲಿ ನೀರು ಧುಮುಕುತ್ತಿತ್ತು, ಅವಳು ಕಂಬದ ಹಾಗೆ ನಿಂತೇ ಇದ್ದಳು. ಕೊನೆಗೆ ಹುಡುಗಿ, ‘ಆಯ್ತಮ್ಮ, ತೆಗ್ದೆ,’ ಎಂದು ಗಾಜು ಬಿಚ್ಚಿದಳು.

ಕೋಣೆ ಇದ್ದಲ್ಲೇ ಇತ್ತು. ಆಗ ನನ್ನ ತಲೆಗೆ ಹೊಳೆಯಿತು. ತೆಗೆಯುವುದು ಅಂದರೆ ಫೋಟೋ ತೆಗೆಯುವುದು. ನಾಚಿಕೆಯಿಂದ ಬೆವರಿ ಹುಡುಗಿಗೆ ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಗೂ ಬಿಡಿಸಿ ಹೇಳಿದೆ.

‘ಗೊತ್ತು,’ ಎಂದಳು ಅತ್ತೆ. ‘ಕೋಣೆ ತೆಗೆಯೋರು ಮೊದ್ಲು ಫೋಟೋನೇ ತೆಗೆಯೋದು.’

ಈ ಮುದುಕಿಗೆ ಬುದ್ಧಿ ಹೇಳಿ ಗೆದ್ದವರಿಲ್ಲ ಎಂದು ಗೊಣಗಿಕೊಂಡು ಅಂಗಡಿಗೆ ಹೋದೆ.

ಹುಡುಗಿಯ ಫೋಟೋಗಳು ಬಲು ಚೆನ್ನಾಗಿದ್ದವು. ಹಾಲು ಸುರಿದಂತೆ ಜಲಪಾತ, ಹಿಂದೆ ಕೆಂಪು ಚಿಮಣಿ. ಆಫೀಸಿನವರೇ ಅವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಊರೂರಲ್ಲಿ ಅಂಟಿಸಿದರು. ಜನ ಬಂದರು. ಕಾರುಗಳು ಬಂದವು, ಆಮೇಲೆ ಬಸ್ಸುಗಳು. ಬಸ್ಸು ಗೇಟಿನೊಳಗೆ ತಿರುಗಲು ಜಾಗ ಸಾಲಲಿಲ್ಲ. ತಿರುಗಬೇಕಾದ ಕಡೆ ತೂಕದ ಕೋಣೆ ಅಡ್ಡ ಇತ್ತು. ಒಬ್ಬ ಸಾಹೇಬರು ಬಂದು, ಬಹಳ ಮರ್ಯಾದೆಯಿಂದಲೇ, ಖಾಲಿ ಮಾಡಿ ಎಂದರು. ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಬಾಯಿಮಾತಿನಲ್ಲೇ ತಗೊಂಡರು.

ಮಂಚ, ಸ್ಟವ್ವು, ಕೋಟು ನನ್ನ ಮನೆಗೆ ಬಂದವು. ಅತ್ತೆ ಹೊರಡುವ ಮುಂಚೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು. ಕೋಣೆ ಕೆಡವುವ ಯಂತ್ರ ಆಗಲೇ ಬಂದು ಪಕ್ಕದಲ್ಲಿ ನಿಂತಿತ್ತು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಕೆಲವು ದಿನಗಳ ಮೇಲೆ ಆ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸ್ಟ್ಯಾಂಡು ತಂದಿರಲಿಲ್ಲ. ಕಟ್ಟು ಹಾಕಿಸಿದ ಒಂದು ಫೋಟೋವನ್ನು ಅತ್ತೆಯ ತೊಡೆಯ ಮೇಲಿಟ್ಟಳು. ‘ಕಪ್ಪು ಗಾಜಿಟ್ಟು ಹೀಗೆ ನಿಧಾನವಾಗಿ ತೆಗೆದಾಗ ಓಡಾಡೋರು ಯಾರೂ ಬರಲ್ಲಮ್ಮ, ಅಳಿಸಿ ಹೋಗ್ತಾರೆ. ನೀವು ಅಲುಗಾಡ್ಲಿಲ್ಲ. ಅದಕ್ಕೇ ಉಳ್ಕೊಂಡ್ರಿ,’ ಎಂದಳು. ಅವಳ ದನಿ ತಪ್ಪು ಮಾಡಿದವರ ದನಿಯಂತಿತ್ತು.

ಫೋಟೋದಲ್ಲಿ ಅಂದು ಓಡಾಡಿದವರು ಒಬ್ಬರೂ ಇರಲಿಲ್ಲ. ನೀರು ಮಂಜಾಗಿತ್ತು. ಕೋಣೆ, ಹೊಸಿಲು, ಹೊಸಿಲ ಮೇಲೆ ಕೈ ಚಾಚಿ ಸಿಡುಕು ಮೋರೆಯ ಅತ್ತೆ, ಸೀರೆಯ ನೆರಿಗೆ ಎಣಿಸಬಹುದಾದಷ್ಟು ಸ್ಪಷ್ಟವಾಗಿ.

ಅತ್ತೆ ಮೊದಲು ಫೋಟೋದ ಹಿಂಭಾಗ ತಿರುಗಿಸಿ ನೋಡಿದಳು. ಆಮೇಲೆ ಮುಂಭಾಗವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು. ಮುಖ ಇದ್ದಕ್ಕಿದ್ದಂತೆ ಸಣ್ಣದಾಯಿತು. ಬೆರಳು ತನ್ನ ಮೇಲಲ್ಲ, ತನ್ನ ಬೆನ್ನ ಹಿಂದಿನ ಕತ್ತಲೆಯ ಮೇಲೆ ನಿಂತಿತ್ತು.

‘ಅಯ್ಯೋ,’ ಎಂದಳು. ‘ಬಾಗ್ಲು ತೆಗ್ದೇ ಬಿಟ್ಟಿದೀನಲ್ಲೋ.’

ಸೆರಗಿನ ತುದಿಗೆ ಕಟ್ಟಿದ್ದ ಆ ಬಾಗಿಲ ಕೀಲಿ ಅವಳ ಕೈಗೆ ಬಂದಿತ್ತು. ಅದನ್ನು ಹಿಡಿದುಕೊಂಡು ಅವಳು ಅಳತೊಡಗಿದಳು.